ಅಕ್ಕನಿಗೆ ಮುದ್ದಾಂ ಕಳುಹಿಸಿದ ಕರೆಪತ್ರ

ಕಚೇರಿ ಪತ್ರಗಳನ್ನು ಹೊರತುಪಡಿಸಿ ಇದುವರೆಗೆ ನಾನು ಬೇರಾವ ಬರಹವನ್ನೂ ಬರೆದವನಲ್ಲ. ಆದಕಾರಣ ಈ ನೆನಪುಗಳನ್ನು ನನಗೆ ತಿಳಿದಿರುವ ಕ್ರಮದಲ್ಲಿಯೇ ಓದುಗರ ಅವಗಾಹನೆಗೆ ತರುತ್ತಿದ್ದೇನೆ. ಲೋಪಗಳಿದ್ದಲ್ಲಿ ಅವು ನನ್ನವು, ಅಕ್ಕನವಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಲಕ್ಕವಳ್ಳಿ ಅಣೆಕಟ್ಟೆಯ ಆಚೆಗಿದ್ದ ವಿಶ್ವವಿದ್ಯಾನಿಲಯದ ಕೇಂದ್ರದಲ್ಲಿ ಬೆರಳಚ್ಚುಗಾರನಾಗಿದ್ದೆ. ಪ್ರತಿ ತಿಂಗಳ ಕೊನೆಯ ಶನಿವಾರ ಸಂಜೆ ಅಲ್ಲಿನ ಸಭಾಂಗಣದಲ್ಲಿ ಒಂದು ಚಲನಚಿತ್ರವನ್ನು ತೋರಿಸಲಾಗುತ್ತಿತ್ತು. ಅದರ ಸೂಚನಾಪತ್ರವನ್ನು ಸ್ಟೆನ್ಸಿಲ್ ಮೇಲೆ ಕುಟ್ಟಿ, ಪ್ರತಿಗಳನ್ನು ತೆಗೆದು, ಲಕ್ಕವಳ್ಳಿಯ ಬಸ್‌ಸ್ಟ್ಯಾಂಡಿನ ಗೋಡೆಯವರೆಗೆ ಅಂಟಿಸುವ ವ್ಯವಸ್ಥೆ ಮಾಡುವುದು ನನ್ನ ಕರ್ತವ್ಯಗಳಲ್ಲೊಂದಾಗಿತ್ತು. “ಸಾರ್ವಜನಿಕರಿಗೆ ಪ್ರವೇಶ ಉಚಿತ” ಎಂಬ ಸಾಲನ್ನು ಕುಟ್ಟಲು ನನ್ನ ಬೆರಳುಗಳಿಗೆ ಕಣ್ಣಿನ ಸಹಾಯ ಬೇಕಾಗುತ್ತಿರಲಿಲ್ಲ.

ಸದರಿ ಪ್ರದರ್ಶನಕ್ಕೆ ವಿದ್ಯಾರ್ಥಿಗಳಲ್ಲದೆ ಅಣೆಕಟ್ಟೆಯ ಸಿಬ್ಬಂದಿ, ಗದ್ದೆ ಕೆಲಸ ಮುಗಿಸಿದ ಹೆಂಗಸರು, ಹಾಲು ಹಾಕುವವರು ಎಲ್ಲರೂ ಬರುತ್ತಿದ್ದರು. ಕುರ್ಚಿಗಳು ಅಧ್ಯಾಪಕರಿಗಷ್ಟೇ ಸಾಲುತ್ತಿದ್ದವು. ಉಳಿದವರು ಚಾಪೆ, ಗೋಣಿತಾಟು ತಂದು ಮುಂದೆ ಹಾಸಿಕೊಳ್ಳುತ್ತಿದ್ದರು. ಊರಿನಲ್ಲಿ ಬಾರದೆ ಉಳಿದವಳು ನನ್ನ ಅಕ್ಕ ಒಬ್ಬಳೇ ಎಂದು ನನಗೆ ಆಗ ಅನ್ನಿಸುತ್ತಿತ್ತು.

ಅಕ್ಕನನ್ನು ಶಿವನಿಯ ಕಡೆ ಕೊಟ್ಟಿತ್ತು. ಭಾವ ತೀರಿಕೊಂಡ ಮರುವರ್ಷ, ಬೀರೂರಿನಲ್ಲಿ ರೈಲು ಬದಲಿಸಿ, ಒಂದು ಟ್ರಂಕಿನೊಡನೆ ತರೀಕೆರೆಯಲ್ಲಿ ಇಳಿದವಳನ್ನು ನಾನೇ ಲಕ್ಕವಳ್ಳಿಯ ನಮ್ಮ ಮನೆಗೆ ಕರೆತಂದೆ. ಆಗ ಅವಳಿಗೆ ಮೂವತ್ತನಾಲ್ಕು. ನಮ್ಮ ಕಡೆ ಶುಭಕಾರ್ಯಕ್ಕೆ ಹೆಂಗಸರು ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಬಂದು ಕರೆಯುತ್ತಾರೆ. ಗಂಡ ಸತ್ತವಳ ಹಣೆಗೆ ಕುಂಕುಮವಿಲ್ಲ. ಆದ್ದರಿಂದ ಕರೆಯೂ ಇಲ್ಲ. ಬಾಗಿಲಲ್ಲಿ ಬಳೆಯ ಸದ್ದು ಕೇಳಿದೊಡನೆ ಅಕ್ಕ ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಬಂದವರು ನನ್ನ ಹೆಂಡತಿಗೆ ಕುಂಕುಮ ಕೊಟ್ಟು ಹೋದ ಮೇಲೆ ಒಳಗೆ ಬಂದು, ಯಾರ ಮನೆಯಲ್ಲಿ ಏನು ಕಾರ್ಯವೆಂದು ಹಗುರವಾಗಿ ವಿಚಾರಿಸುತ್ತಿದ್ದಳು.

ಮೂರು ವರ್ಷಗಳಲ್ಲಿ ಅವಳು ಬಾವಿಕಟ್ಟೆಯಿಂದಾಚೆ ಹೋದದ್ದನ್ನು ನಾನು ಕಾಣೆ. ಒಂದು ಸಂಜೆಯಾದರೂ ಅವಳು ನಾಲ್ಕು ಜನರ ನಡುವೆ ಕೂರಬೇಕೆಂಬುದು ನನ್ನ ಆಸೆಯಾಗಿತ್ತು. ಸೂಚನಾಪತ್ರದ ಪ್ರತಿಯೊಂದನ್ನು ಮನೆಗೆ ತಂದು ಓದಿ, ಇದು ಎಲ್ಲರಿಗೂ ಅನ್ವಯಿಸುತ್ತದೆಂದು ವಿವರಿಸಿದೆ. ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು.

“ಗೋಡೆಗೆ ಅಂಟ್ಸಿದ್ದು ಕರ್ದಂಗಾಯ್ತೇನೋ? ಗೋಡೆ ನೋಡ್ಕಂಡು ಯಾರ್ ಮನೆಗಾದ್ರೂ ಹೋಗ್ತಾರಾ?”

ಅದು ಮನೆಯಲ್ಲ, ವಿಶ್ವವಿದ್ಯಾನಿಲಯ ಎಂದೆ.

“ಯಾವ್ದಾದ್ರೂ ಆಗ್ಲಿ. ಕರೀದೇ ಹೋದೋರ್ನ ಎಲ್ಲಿ ಕೂರುಸ್ತಾರೆ ಅಂತ ನಂಗೊತ್ತು ಕಣೋ.”



ಮರುದಿನ ಊಟದ ವೇಳೆಯಲ್ಲಿ ಕಚೇರಿಯಲ್ಲಿಯೇ ಕುಳಿತು ಒಂದು ಪತ್ರವನ್ನು ಬೆರಳಚ್ಚು ಮಾಡಿದೆ. ಮೇಲೆ ಪತ್ರ ಸಂಖ್ಯೆ, ದಿನಾಂಕ, ವಿಷಯ. ‘ಇವರಿಗೆ’ ಎಂಬುದರ ಕೆಳಗೆ ಅಕ್ಕನ ಹೆಸರು. ಭಾವನ ಜಮೀನಿನ ಖಾತೆ ಬದಲಾವಣೆಯ ಕಾಗದಗಳಲ್ಲೆಲ್ಲ ಅವಳ ಹೆಸರಿನ ಮುಂದೆ, ಇಂಥವರ ಹೆಂಡತಿ ಎಂದು ಸೂಚಿಸುವ ‘ಕೋಂ’ ಹಾಕಿ, ದಿವಂಗತರ ಹೆಸರನ್ನು ನಾನೇ ಬರೆದಿದ್ದೆ. ಈ ಪತ್ರದಲ್ಲಿ ಅವಳ ಹೆಸರಷ್ಟೇ ಇತ್ತು. “ಪ್ರದರ್ಶನಕ್ಕೆ ತಾವು ಆಗಮಿಸಬೇಕೆಂದು ಈ ಮೂಲಕ ಕೋರಲಾಗಿದೆ” ಎಂದು ಮುಗಿಸಿ, ಪ್ರದರ್ಶನಗಳ ಹೊಣೆ ಹೊತ್ತಿದ್ದ ಅಧ್ಯಾಪಕರ ಮುಂದೆ ಸಹಿಗೆ ಇಟ್ಟೆ. ಕಚೇರಿಯ ಕಾಗದವನ್ನು ಸ್ವಂತಕ್ಕೆ ಬಳಸಿದ್ದೇನೆಂಬ ಭಯ ನನಗಿತ್ತು. ಇವರು ಯಾರೆಂದು ಅವರು ಕೇಳಿದರು. ನನ್ನ ಅಕ್ಕನೆಂದೂ, ಕರೆಯದೆ ಎಲ್ಲಿಗೂ ಬರುವವಳಲ್ಲವೆಂದೂ ಅರಿಕೆ ಮಾಡಿಕೊಂಡೆ. ಅವರು ಮತ್ತೇನನ್ನೂ ಕೇಳಲಿಲ್ಲ. ಸಹಿ ಮಾಡಿ, ಅದರ ಮೇಲೆ ತಮ್ಮ ಪೆನ್ನಿನಲ್ಲಿ “ತಾವು ಬಂದೇ ಬರಬೇಕು” ಎಂದು ಸೇರಿಸಿದರು. ಅಂಚೆಗೆ ಹಾಕುವುದು ಬೇಡ, ಮುದ್ದಾಂ ಕಳುಹಿಸಿ ಎಂದರು. ಅಂದರೆ ಕಚೇರಿಯ ಜವಾನರೇ ಕೈಯಲ್ಲಿ ಒಯ್ದು ಕೊಟ್ಟು, ಪುಸ್ತಕದಲ್ಲಿ ಸಹಿ ಪಡೆದು ಬರಬೇಕು.

ಜವಾನರು ಬಾಗಿಲಲ್ಲಿ ಸೈಕಲ್ ನಿಲ್ಲಿಸಿ ಹೆಸರು ಹಿಡಿದು ಕೂಗಿದಾಗ ಅಕ್ಕ ರೂಢಿಯಂತೆ ಹಿತ್ತಿಲಿಗೆ ಹೋದಳಂತೆ. ನನ್ನ ಹೆಂಡತಿ ಹಿಂದೆಯೇ ಹೋಗಿ, ಬಂದಿರುವುದು ನಿಮಗೇ ಅತ್ತಿಗೆ ಎಂದು ಎರಡು ಸಲ ಹೇಳಬೇಕಾಯಿತಂತೆ. ಮರುದಿನ ನಾನು ಆ ಪುಸ್ತಕವನ್ನು ತೆರೆದು ನೋಡಿದೆ. ಒಂದೊಂದೇ ಅಕ್ಷರ ಬಿಡಿಸಿ ಬರೆದ ಅವಳ ಹೆಸರು ಮೂರು ಗೆರೆಗಳ ಜಾಗವನ್ನು ಆಕ್ರಮಿಸಿತ್ತು.

ಸಂಜೆ ಅವಳು ಪತ್ರವನ್ನು ನನ್ನ ಮುಂದೆ ಹಿಡಿದಳು.

“ಇದು ನಿನ್ ಮಿಷಿನ್ನೇ, ಗೊತ್ತು. ಆದ್ರೆ ಈ ಕೆಳಗಿನ್ ಸಾಲು ನಿನ್ ಬರಹ ಅಲ್ಲ.”

ಅಲ್ಲವೆಂದು ಒಪ್ಪಿಕೊಂಡೆ. ಅವಳು ಕೋಡುಬಳೆಗೆ ಹಿಟ್ಟು ಹುರಿಯಲು ಎದ್ದಳು. ಕರೆದವರಲ್ಲಿಗೆ ಬರಿಗೈಯಲ್ಲಿ ಹೋಗುವುದು ಅವಳ ಪ್ರಕಾರ ಸಲ್ಲದ ಕ್ರಮವಾಗಿತ್ತು.

ಶನಿವಾರ ನಾವು ಮೂವರೂ ಹೋದೆವು. ಸಭಾಂಗಣದ ಬಾಗಿಲಲ್ಲಿ ಅಕ್ಕ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಲಕೋಟೆ ಹಿಡಿದು ನಿಂತುಬಿಟ್ಟಳು. ಯಾರಾದರೂ ಅದನ್ನು ಪರಿಶೀಲಿಸುವರೆಂದು ಅವಳು ಕಾದಳು. ಅಲ್ಲಿ ಅಂಥವರು ಯಾರೂ ಇರಲಿಲ್ಲ. ಜನ ಚಾಪೆ ಹೊತ್ತು ಅವಳ ಎರಡೂ ಬದಿಯಿಂದ ನುಗ್ಗುತ್ತಿದ್ದರು. ಅವಳು ಹಿಂದಿರುಗಿಯಾಳೆಂದು ನನಗೆ ಹೆದರಿಕೆಯಾಯಿತು. ಅಷ್ಟರಲ್ಲಿ ಆ ಅಧ್ಯಾಪಕರು ದೂರದಿಂದ ಲಕೋಟೆಯನ್ನು ಕಂಡು ಬಂದರು. ತಾವೇ ಸಹಿ ಮಾಡಿದ ಪತ್ರವನ್ನು ಈಗಷ್ಟೇ ನೋಡುತ್ತಿರುವವರಂತೆ ಪೂರ್ತಿ ಓದಿ, ಮಡಿಸಿ, ಹಿಂದಿರುಗಿಸಿ, ಕೈಮುಗಿದರು.

“ಬನ್ನಿ ತಾಯಿ. ನೀವು ಬರ್ಲಿ ಅಂತಾನೇ ಕಾಯ್ತಿದ್ವಿ.”

ಅವರು ಕರೆದೊಯ್ದು ಕೂರಿಸಿದ್ದು ಮಧ್ಯದಲ್ಲಿ, ಎಲ್ಲರಿಗೂ ಕಾಣುವಲ್ಲಿ.

ಚಿತ್ರ ಯಾವುದೋ ದೂರದೇಶದ ಭಾಷೆಯದು. ನದಿಯ ದಡದಲ್ಲಿ ಮಡಕೆ ಮಾಡುವ ಹೆಂಗಸೊಬ್ಬಳ ಕಥೆ. ಪ್ರೊಜೆಕ್ಟರ್ ಒಂದೇ ಇದ್ದುದರಿಂದ ಪ್ರತಿ ರೀಲು ಮುಗಿದಾಗ ದೀಪ ಹಾಕಿ ಮುಂದಿನದನ್ನು ಏರಿಸಬೇಕಾಗಿತ್ತು. ಮೊದಲ ಬಿಡುವಿನಲ್ಲೇ ಅಕ್ಕ ಎದ್ದು ಹೋಗಿ ಪ್ರೊಜೆಕ್ಟರಿನವರ ಮುಂದೆ ಡಬ್ಬಿ ತೆರೆದಳು. ಎರಡನೆಯ ರೀಲು ಅಂದು ತಡವಾಗಿ ಆರಂಭವಾದುದಕ್ಕೆ ಕಾರಣ ಕೋಡುಬಳೆಯೇ ಹೊರತು ಯಂತ್ರದ ದೋಷವಲ್ಲವೆಂಬುದನ್ನು ಇಲ್ಲಿ ದಾಖಲಿಸಬಯಸುತ್ತೇನೆ. ಹಿಂದಿರುಗುವಾಗ ಅಕ್ಕ, ಮಾತು ಒಂದೂ ತಿಳಿಯಲಿಲ್ಲ, ಆದರೆ ಆ ಹೆಂಗಸು ಹಸಿ ಸೌದೆ ಊದಿ ಊದಿ ಕಣ್ಣೊರೆಸಿಕೊಂಡಳಲ್ಲ, ಅದು ತಿಳಿಯಿತು ಎಂದಳು.

ಅಂದಿನಿಂದ ಪ್ರತಿ ತಿಂಗಳೂ ಅವಳಿಗೆ ಪತ್ರ ಹೋಗುತ್ತಿತ್ತು. ಪತ್ರ ಬಂದರೆ ಮಾತ್ರ ಅವಳು ಹೊರಡುತ್ತಿದ್ದಳು. ವರ್ಷದ ಮೇಲೆ ನನ್ನನ್ನು ಪರೀಕ್ಷಾ ಕೆಲಸದ ನಿಮಿತ್ತ ಹದಿನೈದು ದಿನ ಕಡೂರಿಗೆ ನಿಯೋಜಿಸಲಾಯಿತು. ಹೆಂಡತಿ ಬುಕ್ಕಾಂಬುಧಿಯ ತವರಿಗೆ ಹೋಗಿದ್ದಳು. ಕೊನೆಯ ಶನಿವಾರ ಬೆಳಿಗ್ಗೆ ಉತ್ತರಪತ್ರಿಕೆಗಳ ಕಟ್ಟು ಬಿಗಿಯುತ್ತಿದ್ದಾಗ, ಆ ತಿಂಗಳ ಪತ್ರವನ್ನು ಕಳುಹಿಸದೆ ಬಂದಿರುವುದು ನೆನಪಾಯಿತು. ನಾನೇ ಅವಳನ್ನು ಕರೆಯದವರ ಸಾಲಿಗೆ ಸೇರಿದ್ದೆ. ಅರ್ಧ ದಿನದ ರಜೆ ಕೋರಿ, ತರೀಕೆರೆಯಲ್ಲಿ ಬಸ್ಸು ಬದಲಿಸಿ ಲಕ್ಕವಳ್ಳಿಗೆ ಬಂದಿಳಿಯುವಾಗ ಹೊತ್ತು ಇಳಿದಿತ್ತು. ಮನೆಗೆ ಬೀಗ ಹಾಕಿತ್ತು. ಹಿತ್ತಿಲಿನಲ್ಲಿಯೂ ಅವಳಿರಲಿಲ್ಲ.

ಬೇರೇನೂ ತೋಚದೆ ಕೇಂದ್ರಕ್ಕೆ ಹೋದೆ. ಸಭಾಂಗಣದಲ್ಲಿ ರೀಲು ಬದಲಿಸಲು ದೀಪ ಹಾಕಿದ್ದರು. ಮಧ್ಯದಲ್ಲಿ, ನಮ್ಮ ಚಾಪೆಯ ಮೇಲೆ, ಅಕ್ಕ ಕುಳಿತಿದ್ದಳು. ಪಕ್ಕದಲ್ಲಿ ನಮ್ಮ ಹಿಂದಿನ ಬೀದಿಯ ಹೆಂಗಸು. ಆಕೆಯ ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಆಕೆ ಎರಡೂ ಕೈಯಲ್ಲಿ ಒಂದು ಲಕೋಟೆಯನ್ನು ಹಿಡಿದಿದ್ದಳು. ಅದು ಹಿಂದಿನ ತಿಂಗಳು ಅಕ್ಕನಿಗೆ ಬಂದದ್ದು.

ಪತ್ರ ಬರಲಿಲ್ಲವಲ್ಲ ಅಕ್ಕಾ ಎಂದು ತಗ್ಗಿದ ದನಿಯಲ್ಲಿ ಕೇಳಿದೆ.

“ಬರ್ಲಿಲ್ಲ. ಮರ್ತಿದೀಯ ಅಂದ್ಕಂಡೆ. ಪಾಪ, ಇವ್ಳನ್ನ ಯಾರೂ ಕರ್ದೇ ಇರ್ಲಿಲ್ಲ ಕಣೋ. ನಾನೇ ಹೋಗಿ ಕರ್ದೆ. ಕರ್ದೋಳೇ ಬರ್ದೇ ಇದ್ರೆ ಚೆನ್ನಾಗಿರುತ್ತಾ?”

ದೀಪ ಆರಿತು. ಅವಳು ಸರಿದು ಚಾಪೆಯ ಅಂಚಿನಲ್ಲಿ ನನಗೊಂದಿಷ್ಟು ಜಾಗ ಮಾಡಿದಳು.

“ಕೂತ್ಕ. ಹಿಂದಿನೋರಿಗೆ ಅಡ್ಡ ಆಗ್ತೀಯ.”