ನಡತೆಗೆ ಆರು ಅಂಕ

ಮನುಷ್ಯನ ನಡತೆಯನ್ನು ತೂಗುವ ತಕ್ಕಡಿ ಈ ಲೋಕದಲ್ಲಿ ಇನ್ನೂ ತಯಾರಾಗಿಲ್ಲವೆಂದು ತಿಳಿದವರು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಅವರಿಗೆ ಗೊತ್ತಿರಲಿಕ್ಕಿಲ್ಲ, ನಾನು ತಯಾರಿಸಿದ್ದೇನೆ. ಅರ್ಧ ಹಾಳೆ, ಐದು ಪ್ರಶ್ನೆ, ಒಂದೊಂದಕ್ಕೆ ಎರಡು ಅಂಕ, ಒಟ್ಟು ಹತ್ತು. ಶಿವಮೊಗ್ಗದ ದುರ್ಗಿಗುಡಿಯ ಜೆರಾಕ್ಸ್ ಅಂಗಡಿಯಲ್ಲಿ ನಲವತ್ತು ಪ್ರತಿ ಮಾಡಿಸಿದ್ದೆ. ನಾಲ್ಕು ಇನ್ನೂ ನನ್ನ ಮೇಜಿನ ಖಾನೆಯಲ್ಲಿ ಉಳಿದಿವೆ.

ಈ ತಕ್ಕಡಿ ಬೇಕಾದದ್ದು ಒಂದು ಯುದ್ಧಕ್ಕೆ. ಗಾಬರಿಯಾಗಬೇಕಿಲ್ಲ. ಆರಡಿ ಉದ್ದ, ನಾಲ್ಕಡಿ ಅಗಲದ ಮೇಜಿನ ಮೇಲೆ ಇಂಚೆತ್ತರದ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ, ಟೇಪು ಹಿಡಿದು ಅಳೆದು ನಡೆಸುವ ಯುದ್ಧ. ಕಾಲಾಳು ಒಂದು ಸರದಿಗೆ ಆರು ಇಂಚು ನಡೆಯುತ್ತಾನೆ, ಕುದುರೆ ಹನ್ನೆರಡು ಇಂಚು ಓಡುತ್ತದೆ. ಎದುರಾಳಿಯನ್ನು ಮುಟ್ಟಿದರೆ ಕಾಳಗ. ಮುಟ್ಟದಿದ್ದರೆ ಬಯಲಲ್ಲಿ ನಿಂತು ಗುಂಡು ತಿನ್ನಬೇಕು. ಈ ಹುಚ್ಚನ್ನು ಊರಿಗೆ ತಂದವರು ದುರ್ಗಿಗುಡಿಯ ಒಬ್ಬ ಹಲ್ಲಿನ ಡಾಕ್ಟರು. ವಾರವಿಡೀ ಹಲ್ಲು ಕೊರೆಯುವ ಅವರ ಕೈಗೆ ಭಾನುವಾರವೂ ಏನಾದರೂ ಸಣ್ಣ ಕೆಲಸ ಬೇಕಾಗುತ್ತದಂತೆ. ಸೈನಿಕರ ಮೀಸೆಗೆ ಬಣ್ಣ ಹಚ್ಚುತ್ತಾರೆ. ಹೈಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಚರಿತ್ರೆ ಪಾಠ ಮಾಡಿ ನಿವೃತ್ತನಾದ ನಾನು ಹಲ್ಲು ಕೀಳಿಸಲು ಹೋಗಿದ್ದೆ. ದವಡೆ ಜೋಮು ಹಿಡಿದು ಕುಳಿತಿದ್ದಾಗ ಡಾಕ್ಟರು ನಮ್ಮ ಆಟದ ಗುಂಪಿಗೆ ಸದಸ್ಯರಾಗುತ್ತೀರಾ ಎಂದು ಕೇಳಿದರು. ಬೇಡವೆನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ ವಾರ್ಷಿಕ ಪಂದ್ಯಾವಳಿಯ ನಿಯಮ ಬರೆಯುವ ಹೊಣೆ ನನ್ನ ತಲೆಗೆ ಬಂತು. ಗೆದ್ದ ಯುದ್ಧಕ್ಕೆ ಇಪ್ಪತ್ತು ಅಂಕ, ಸಮವಾದರೆ ಹತ್ತು, ಸೋತರೆ ಸೊನ್ನೆ. ಅದರ ಜತೆಗೆ, ಪ್ರತಿ ಸುತ್ತು ಮುಗಿದ ಮೇಲೆ ಎದುರಾಳಿಯ ನಡತೆಗೆ ಹತ್ತರಲ್ಲಿ ಅಂಕ ಕೊಡಬೇಕು. ಸಮಯಕ್ಕೆ ಬಂದರೇ? ನಿಯಮ ಬಲ್ಲರೇ? ಅಳತೆಯಲ್ಲಿ ಪ್ರಾಮಾಣಿಕರೇ? ತಕರಾರು ಬಂದಾಗ ಹೇಗಿದ್ದರು? ಇವರೊಂದಿಗೆ ಮತ್ತೆ ಆಡಲು ಇಷ್ಟಪಡುವಿರಾ?

ಮೊದಲ ವರ್ಷ ಎಲ್ಲರೂ ಎಲ್ಲರಿಗೂ ಹತ್ತಕ್ಕೆ ಹತ್ತು ಕೊಟ್ಟರು. ಮದುವೆಮನೆಯಲ್ಲಿ ಊಟ ಹೇಗಿತ್ತೆಂದು ಕೇಳಿದರೆ ಸಾರಿಗೆ ಉಪ್ಪಿರಲಿಲ್ಲ ಎನ್ನುವ ಜನವಲ್ಲ ನಾವು. ಒಬ್ಬರಂತೂ ಎದುರಾಳಿಯ ಜತೆ ಮಾತು ಬಿಟ್ಟು, ಮೇಜು ಗುದ್ದಿ, ಅರ್ಧ ಗಂಟೆ ಜಗಳವಾಡಿ, ಕೊನೆಗೆ ಹತ್ತು ಹಾಕಿದ್ದರು. ಕೇಳಿದ್ದಕ್ಕೆ, "ಪಾಪ, ನಾಳೆ ಮುಖ ನೋಡ್ಬೇಕಲ್ಲ ಮೇಷ್ಟ್ರೇ" ಎಂದರು. ಶಾಲೆಯ ವರ್ಗಾವಣೆ ಪತ್ರದಲ್ಲಿ ಎಂಥ ಪೋಕರಿಯ ಹೆಸರಿನ ಮುಂದೆಯೂ 'ನಡತೆ: ತೃಪ್ತಿಕರ' ಎಂದು ಬರೆದ ಕೈ ನನ್ನದು; ಆದರೂ ನನಗೆ ಸಿಟ್ಟು ಬಂತು. ಎರಡನೆಯ ವರ್ಷ ಏಳನೇ ನಿಯಮ ಸೇರಿಸಿದೆ: ಪೂರ್ಣ ಅಂಕ ಕೊಡುವವರು ಚೀಟಿಯ ಹಿಂಭಾಗದಲ್ಲಿ ಕಾರಣ ಬರೆಯತಕ್ಕದ್ದು. ಎಂಟು: ಯಾರು ಎಷ್ಟು ಹಾಕಿದರೆಂಬುದು ರಹಸ್ಯ. ಒಂಬತ್ತು: ಡಬ್ಬಿಗೆ ಹಾಕಿದ ಚೀಟಿಯನ್ನು ಯಾವ ಕಾರಣಕ್ಕೂ ತಿದ್ದುವಂತಿಲ್ಲ. ಕಡಿಮೆ ಅಂಕಕ್ಕೆ ಕಾರಣ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಹನ್ನೊಂದನೆಯ ನಿಯಮ ನನ್ನದಲ್ಲ, ಭದ್ರಾವತಿಯ ಗೆಳೆಯರೊಬ್ಬರದು. ಅವರನ್ನು ಈ ಗುಂಪಿಗೆ ಕರೆತಂದವನು ನಾನು. ಭದ್ರಾವತಿಯ ಶಾಲೆಯಲ್ಲಿದ್ದ ವರ್ಷಗಳಲ್ಲಿ ನಾವು ಅಕ್ಕಪಕ್ಕದ ಮನೆಯವರು. ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಅಳತೆ ಪರೀಕ್ಷಿಸುವುದು ಅವರ ಕೆಲಸವಾಗಿತ್ತು. ಮಿಕ್ಕವರು ಜೇಬಿಗೆ ಪೆನ್ನು ಸಿಕ್ಕಿಸುವ ಜಾಗದಲ್ಲಿ ಅವರು ಇವತ್ತಿಗೂ ಸ್ಟೀಲ್ ಸ್ಕೇಲ್ ಸಿಕ್ಕಿಸುತ್ತಾರೆ. ಗೆದ್ದವರ ಊರಿನಲ್ಲೇ ಮುಂದಿನ ವರ್ಷದ ಪಂದ್ಯಾವಳಿ ನಡೆಯಬೇಕು ಎಂಬುದು ಅವರು ತಂದ ನಿಯಮ. ಹನ್ನೆರಡು ಜನರಲ್ಲಿ ಹನ್ನೊಂದು ಜನ ಶಿವಮೊಗ್ಗದವರೇ ಆದ್ದರಿಂದ ಎಲ್ಲರೂ ಉದಾರವಾಗಿ ಕೈ ಎತ್ತಿದರು.

ಆ ವರ್ಷದ ಪಂದ್ಯಾವಳಿಗೆ ಒಂದು ತಿಂಗಳಿದೆ ಎನ್ನುವಾಗ ಅವರು ನನ್ನನ್ನು ಭದ್ರಾವತಿಗೆ ಕರೆಸಿಕೊಂಡರು. ಅವರ ಕಾಲೋನಿಯಲ್ಲಿ ಅರ್ಧ ಮನೆಗಳು ಖಾಲಿ. ಮೂಲೆಯಲ್ಲಿ ಒಂದು ಹಳೆಯ ಹಾಲ್. ಹಿಂದೆ ಅಲ್ಲಿ ಕೇರಂ, ನಾಟಕದ ರಿಹರ್ಸಲ್, ನಾಮಕರಣ ಎಲ್ಲವೂ ನಡೆಯುತ್ತಿದ್ದವು. ಬಾಗಿಲು ತೆರೆದರೆ ಒಳಗೆ ಆರು ಮೇಜು. ಮಡಚುವ ಕಾಲು, ಹಸಿರು ಬಟ್ಟೆ, ಥರ್ಮೋಕೋಲಿನ ಗುಡ್ಡ, ಗಾಜಿನಂತೆ ಹೊಳೆಯುವ ಹೊಳೆ. ಎಲ್ಲ ಅವರೇ ಮಾಡಿದ್ದು, ಒಂದೂವರೆ ವರ್ಷದ ಕೆಲಸ.

"ನೀರ್ಮಟ್ಟ ಇಟ್ಟು ನೋಡಿ ಮೇಷ್ಟ್ರೇ, ಗುಳ್ಳೆ ಆ ಕಡೆ ಈ ಕಡೆ ಹೋಗಲ್ಲ" ಎಂದರು.

ನಾನು ಇಟ್ಟು ನೋಡಿದೆ. ಹೋಗಲಿಲ್ಲ.

"ಕಾಲೋನಿ ಕಮಿಟಿಯವರು ಈ ಹಾಲ್‌ಗೆ ಬೀಗ ಹಾಕ್ತೀವಿ ಅಂತಾವ್ರೆ. ಮುಂದಿನ ವರ್ಷ ಒಂದು ಪ್ರೋಗ್ರಾಂ ಗ್ಯಾರಂಟಿ ಐತೆ ಅಂತ ತೋರಿಸಿದ್ರೆ ಬಿಡ್ತಾರೆ. ಅದಕ್ಕೇ ಈ ಸಲ ಗೆಲ್ಲಬೇಕು."

"ಇಷ್ಟೆಲ್ಲ ಮಾಡಿಟ್ಟು ಸೋತರೆ?"

"ಮೇಜು ಮಡಚ್ತೀನಿ, ಅಷ್ಟೇ. ಮಡಚೋ ಕಾಲು ಸುಮ್ನೆ ಮಾಡಿದೀನಾ ಮಾರಾಯ್ರೆ?"

ಪಂದ್ಯಾವಳಿ ನಡೆದದ್ದು ರವೀಂದ್ರನಗರದ ಒಂದು ಸಭಾಂಗಣದಲ್ಲಿ, ನನ್ನ ಮನೆಯಿಂದ ಎರಡು ಅಡ್ಡರಸ್ತೆ ದಾಟಿದರೆ ಸಿಗುವ ಜಾಗ. ಆ ದಿನ ಆಟಗಾರರೊಬ್ಬರು ಮದುವೆಯೊಂದಕ್ಕೆ ಹೋದದ್ದರಿಂದ ನಿಯಮಕರ್ತನಾದ ನಾನೇ ಅವರ ಜಾಗದಲ್ಲಿ ಆಡಬೇಕಾಯಿತು. ಜೋಡಿಗಳನ್ನು ಚೀಟಿ ಎತ್ತಿ ನಿರ್ಧರಿಸುತ್ತಿದ್ದೆವು.

ಮೊದಲ ಸುತ್ತಿನಲ್ಲಿ ಗೆಳೆಯರಿಗೆ ಸಿಕ್ಕವರು ಕೋಟೆ ಕಡೆಯ ಔಷಧಿ ಅಂಗಡಿಯವರು. ನಮ್ಮ ಊರಿನ ಪದ್ಧತಿಯೆಂದರೆ, ಟೇಪನ್ನು ಸೈನಿಕರ ಮೇಲೆ ಸುಮ್ಮನೆ ತೇಲಿಸಿ, 'ಆರಿಂಚು, ಹ್ಞಾಂ, ಮುಟ್ಟಿತು ಬಿಡಿ' ಎಂದು ಇಬ್ಬರೂ ತಲೆಯಾಡಿಸುವುದು. ಇವತ್ತು ನೀವು ಬಿಡಿ, ನಾಳೆ ನಾವು ಬಿಡುತ್ತೇವೆ. ಗೆಳೆಯರು ಬಿಡುವವರಲ್ಲ. ಸ್ಕೇಲನ್ನು ನೆಲಕ್ಕೆ ಒತ್ತಿಟ್ಟು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

"ಒಂದು ನೂಲು ಕಡಿಮೆ ಸಾರ್. ಮುಟ್ಟಿಲ್ಲ."

"ಒಂದು ನೂಲಿಗೆಲ್ಲ ಏನ್ರೀ? ಇಂಚಲ್ಲಿ ಎಂಟನೇ ಒಂದು ಭಾಗ!"

"ಇಂಚು ಅಂದ್ರೆ ಇಂಚೇ ಅಲ್ವಾ ಸಾರ್?"

ಪಕ್ಕದ ಮೇಜಿನಲ್ಲಿ ಅಡಿಕೆ ಮಂಡಿಯವರು ಆಡುತ್ತಿದ್ದರು. ದೊಡ್ಡ ದನಿ, ದೊಡ್ಡ ನಗು, ಎಲ್ಲರಿಗೂ ಬೇಕಾದ ಮನುಷ್ಯ. ಅಲ್ಲಿಂದಲೇ ಕೂಗಿದರು: "ಏನ್ ಮಾರಾಯ್ರೆ, ಕುದ್ರೆ ಓಡಿಸ್ತಿದೀರೋ ಚಿನ್ನ ತೂಗ್ತಿದೀರೋ? ನಮ್ಮ ಮಂಡೀಗೆ ಬನ್ನಿ, ರಾಶಿ ಅಡಿಕೆ ಯಾವ್ದು ಬೆಟ್ಟೆ ಯಾವ್ದು ಅಂತ ಮೂಗಲ್ಲೇ ಹೇಳ್ತೀವಿ!"

ಸಭಾಂಗಣ ನಕ್ಕಿತು. ಗೆಳೆಯರೂ ನಕ್ಕರು, ಆದರೆ ಸ್ಕೇಲ್ ಎತ್ತಲಿಲ್ಲ. ಆ ಸುತ್ತು ಗೆದ್ದರು. ಎರಡನೆಯ ಸುತ್ತಿನಲ್ಲಿ ಒಬ್ಬ ವಕೀಲರ ವಿರುದ್ಧವೂ ಗೆದ್ದರು. ವಕೀಲರು ವಾದದಲ್ಲಿ ಸೋತ ಮುಖ ಮಾಡಿಕೊಂಡು ಟೀ ಕುಡಿಯಲು ಹೊರಗೆ ಹೋದರು.

ಮೂರನೆಯ ಸುತ್ತಿಗೆ ಅವರ ಹೆಸರಿನ ಜತೆ ಬಂದದ್ದು ನನ್ನ ಹೆಸರು.

ಮಂಡಿಯವರು ನನ್ನ ಭುಜ ತಟ್ಟಿದರು. "ಮೇಷ್ಟ್ರೇ, ದೋಸ್ತಿಗೆ ಹತ್ತಕ್ಕೆ ಹತ್ತು ತಾನೆ? ಹಿಂದುಗಡೆ ಪ್ರಬಂಧಾನೇ ಬರೀತೀರೇನೋ!"

ಮತ್ತೆ ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಗಬೇಕಿತ್ತು.

ಆ ಆಟದಲ್ಲಿ ನಡೆದದ್ದು ಇಷ್ಟು. ನನ್ನ ಸೇನೆಯ ಎಡಭಾಗ ಬಯಲಾಗಿತ್ತು. ಅವರ ಕುದುರೆಗಳು ಬಂದು ಮುಟ್ಟಿದರೆ ನನ್ನ ಕಥೆ ಮುಗಿಯಿತು. ನನ್ನ ಕಣ್ಣಿಗೆ ಮುಟ್ಟಿಯೇ ಇದ್ದವು. ಅವರು ಬಗ್ಗಿ ಅಳೆದರು.

"ಮುಟ್ಟಿಲ್ಲ ಮೇಷ್ಟ್ರೇ. ನಂದೇ ಒಂದು ನೂಲು ಕಡಿಮೆ."

"ಇರಲಿ ಬಿಡಿ, ಮುಟ್ಟಿದ ಹಾಗೇ ಇದೆ."

"ಇಲ್ಲ, ಇಲ್ಲ. ನೀವು ಗುಂಡು ಹಾರಿಸಿ."

ಹಾರಿಸಿದೆ. ಅವರ ನಾಲ್ಕು ಕುದುರೆ ಬಿದ್ದವು. ಆಮೇಲೂ ಅವರೇ ಗೆದ್ದರು, ಒಂದು ಗಂಟೆ ತಡವಾಗಿ. ನಾನು ಹಾಳೆ ಹಿಡಿದು ಮೂಲೆಗೆ ಹೋದೆ.

ಸಮಯಕ್ಕೆ ಬಂದಿದ್ದರು. ನಿಯಮ ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಅಳತೆಯ ವಿಷಯ ಹೇಳಬೇಕಿಲ್ಲ. ಆದರೆ ನನ್ನೊಳಗಿನ ಮೇಷ್ಟ್ರು ಆ ಹೊತ್ತಿಗೆ ಎದ್ದು ಕುಳಿತಿದ್ದ. ಹಿಂದೆ ನನ್ನ ಮಗಳು ನನ್ನದೇ ತರಗತಿಯಲ್ಲಿದ್ದ ವರ್ಷ, ಪಕ್ಷಪಾತ ಎಂದು ಯಾರೂ ಅನ್ನಬಾರದೆಂದು ಅವಳಿಗೆ ನಾಲ್ಕು ಅಂಕ ಕಡಿಮೆ ಹಾಕಿದ್ದೆ. ಊರು ಮೆಚ್ಚಿತು, ಮನೆಯಲ್ಲಿ ಯಾರೂ ಮೆಚ್ಚಲಿಲ್ಲ. ನಮ್ಮ ಕಡೆ ನ್ಯಾಯವಂತನೆನಿಸಿಕೊಳ್ಳುವ ಹತ್ತಿರದ ದಾರಿ ಅದೇ: ಹೊರಗಿನವರಿಗೆ ದಾಕ್ಷಿಣ್ಯ, ನಮ್ಮವರಿಗೆ ಕತ್ತರಿ. ಮೊದಲು ಒಟ್ಟು ಅಂಕ ಆರು ಎಂದು ಬರೆದೆ. ಆಮೇಲೆ ಅದನ್ನು ಐದು ಪ್ರಶ್ನೆಗಳಿಗೆ ಹಂಚಿದೆ. ಉತ್ತರಪತ್ರಿಕೆ ತಿದ್ದಿದವರಿಗೆ ಈ ವಿದ್ಯೆ ಗೊತ್ತು.

ಡಾಕ್ಟರು ಕೂಡಿ ಹೇಳಿದರು. ಮಂಡಿಯವರು ಎರಡು ಯುದ್ಧ ಗೆದ್ದು ಒಂದು ಸಮ ಮಾಡಿಕೊಂಡಿದ್ದರು: ಐವತ್ತು. ನಡತೆಗೆ ಒಂಬತ್ತು, ಒಂಬತ್ತು, ಒಂಬತ್ತು. ಹತ್ತು ಕೊಟ್ಟರೆ ಹಿಂದೆ ಬರೆಯಬೇಕಲ್ಲ. ಒಟ್ಟು ಎಪ್ಪತ್ತೇಳು. ಗೆಳೆಯರು ಮೂರೂ ಯುದ್ಧ ಗೆದ್ದಿದ್ದರು: ಅರವತ್ತು. ನಡತೆಗೆ ಮೂರು ಚೀಟಿ ಸೇರಿ ಹದಿನಾರು. ಒಟ್ಟು ಎಪ್ಪತ್ತಾರು.

ಚಪ್ಪಾಳೆ ಬಿತ್ತು. ಗೆಳೆಯರೂ ತಟ್ಟಿದರು. ಮಂಡಿಯವರ ಕೈ ಕುಲುಕಿ, ಸೈನಿಕರನ್ನು ಒಬ್ಬೊಬ್ಬರನ್ನಾಗಿ ಹತ್ತಿಯಲ್ಲಿ ಸುತ್ತಿ ಡಬ್ಬಕ್ಕೆ ಇಟ್ಟರು. ಬಸ್ ನಿಲ್ದಾಣದವರೆಗೆ ನಾನು ಜತೆಗೆ ಹೋದೆ.

"ನೀವೆಷ್ಟು ಹಾಕಿದ್ರಿ ಮೇಷ್ಟ್ರೇ?"

"ಎಂಟನೇ ನಿಯಮ... ರಹಸ್ಯ ಅಲ್ವಾ" ಎಂದೆ.

"ಹೌದು ಹೌದು" ಎಂದು ಅವರು ಬಸ್ಸು ಹತ್ತಿದರು.

ಮರುದಿನ ಬೆಳಿಗ್ಗೆ ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ನನ್ನ ಒಂದು ಚೀಟಿ ಮರುಮೌಲ್ಯಮಾಪನ ಮಾಡಬೇಕೆಂದೆ. ಅವರು ನಿಯಮಾವಳಿಯ ಹಾಳೆಯನ್ನು ನನ್ನ ಮುಂದಿಟ್ಟು, "ಒಂಬತ್ತನೇದು ಓದಿ ಸಾರ್, ಕನ್ನಡ ಚೆನ್ನಾಗಿದೆ" ಎಂದರು. ಓದಿದೆ. ಯಾವ ಕಾರಣಕ್ಕೂ ತಿದ್ದುವಂತಿಲ್ಲ. ಚೆನ್ನಾಗಿಯೇ ಇತ್ತು. ಪಂದ್ಯ ಮುಗಿದ ಮೇಲೆ ಚೀಟಿಗಳನ್ನು ಕಡತದಲ್ಲಿಡುವ ಹೊಣೆ ನಿಯಮಕರ್ತನದೇ ಎಂದು ಕಟ್ಟನ್ನು ನನ್ನ ಕೈಗೆ ಕೊಟ್ಟರು.

ಮನೆಗೆ ಬಂದು ಮೂವತ್ತಾರು ಚೀಟಿ ತಿರುವಿದೆ. ಹಿಂಭಾಗದಲ್ಲಿ ಬರಹವಿದ್ದದ್ದು ಒಂದೇ ಒಂದಕ್ಕೆ. ಗೆಳೆಯರು ಔಷಧಿಯವರಿಗೆ ಏಳು, ವಕೀಲರಿಗೆ ಎಂಟು ಕೊಟ್ಟಿದ್ದರು. ಆ ಅಂಕಗಳು ಅಳೆದು ಹಾಕಿದಂತೆಯೇ ಇದ್ದವು. ನನಗೆ ಹತ್ತು. ಹಿಂದೆ ದುಂಡಗಿನ ಅಕ್ಷರ: 'ನನ್ನ ಕುದುರೆ ಮುಟ್ಟದಿದ್ದಾಗ ಮುಟ್ಟಿದೆ ಎಂದರು. ಅವರಿಗೆ ನಷ್ಟವಿತ್ತು.'

ಬುಧವಾರ ಭದ್ರಾವತಿಗೆ ಹೋದೆ. ಅವರು ಹಾಲ್‌ನಲ್ಲಿ ಮೇಜುಗಳ ಕಾಲು ಮಡಚುತ್ತಿದ್ದರು. ನಿಂತಲ್ಲೇ ಹೇಳಿದೆ, ಆರು ಹಾಕಿದ್ದು ನಾನು ಎಂದು.

"ಗೊತ್ತು ಮೇಷ್ಟ್ರೇ. ಔಷಧಿಯವ್ರು ಫೋನ್ ಮಾಡಿದ್ರು, ಐದು ಹಾಕಿದೀನಿ, ಕೋಪ ಬಂದಿತ್ತು ಅಂತ. ವಕೀಲ್ರೂ ಅಷ್ಟೇ, ಐದು, ಮುಖದ ಮೇಲೇ ಹೇಳಿದ್ರು. ಹದಿನಾರರಲ್ಲಿ ಹತ್ತು ಕಳೆಯೋಕೆ ನಂಗೆ ಬರಲ್ವಾ?"

ಹಿಡಿದಿದ್ದ ಮೇಜು ಬಿಟ್ಟು ನನ್ನ ಕಡೆ ತಿರುಗಿದರು.

"ಎಲ್ಲಿ ಕಡಿಮೆ ಆಯ್ತು, ಹೇಳಿ. ಸರಿ ಮಾಡ್ಕೊತೀನಿ."

ಅದು ಚುಚ್ಚುಮಾತಾಗಿರಲಿಲ್ಲ. ಒಂದು ಭಾಗವನ್ನು ತಿರಸ್ಕರಿಸಿದರೆ ಎಲ್ಲಿ ದೋಷ ಎಂದು ಗುರುತು ಹಾಕಿಯೇ ವಾಪಸು ಕಳಿಸಬೇಕು. ಅವರು ಜೀವಮಾನವಿಡೀ ಮಾಡಿದ ಕೆಲಸ ಅದು. ಗುರುತು ಹಾಕಲು ನನ್ನ ಹತ್ತಿರ ಜಾಗವಿರಲಿಲ್ಲ. ಸ್ನೇಹಿತರೆಂಬ ಕಾರಣಕ್ಕೇ ಕಡಿಮೆ ಹಾಕಿದೆ ಎಂದೆ.

"ಹಂಗಾದ್ರೆ ಅದು ಸರಿ ಮಾಡೋಕಾಗಲ್ಲ" ಎಂದು ಮುಂದಿನ ಮೇಜಿನ ಕಾಲಿಗೆ ಕೈ ಹಾಕಿದರು.

ನಾನು ಇನ್ನೊಂದು ತುದಿ ಹಿಡಿದೆ. ಆರೂ ಮೇಜು ಮಡಚಿ ಗೋಡೆಗೆ ಒರಗಿಸಿದೆವು. ಹಿಂದಿರುಗುವ ಬಸ್ಸಿನಲ್ಲಿ ಇನ್ನೊಂದು ಯೋಚನೆ ಬಂತು, ಈಗಲೂ ಆಗಾಗ ಬರುತ್ತದೆ. ಆರು ಎಂದು ಬರೆಯುವಾಗ ನನ್ನ ತಲೆಯಲ್ಲಿದ್ದದ್ದು ನ್ಯಾಯವೊಂದೇ ಆಗಿತ್ತೆ? ಮುಂದಿನ ವರ್ಷ ಭದ್ರಾವತಿಯಾದರೆ ಬೆಳಿಗ್ಗೆ ಬೇಗ ಎದ್ದು, ಡಬ್ಬ ಹೊತ್ತು ಬಸ್ಸು ಹತ್ತಬೇಕು ಎಂಬ ಲೆಕ್ಕವೂ ಎಲ್ಲೋ ಒಂದು ನೂಲಿನಷ್ಟು ಇತ್ತೆ? ಇರಲಿಲ್ಲವೆಂದು ಖಂಡಿತವಾಗಿ ಹೇಳುವ ಧೈರ್ಯ ನನಗಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ಹೊಸ ನಿಯಮವೊಂದನ್ನು ಸೂಚಿಸಿದೆ: ಕಡಿಮೆ ಅಂಕಕ್ಕೂ ಕಾರಣ ಬರೆಯತಕ್ಕದ್ದು. ಒಂಬತ್ತು ಹೆಬ್ಬೆರಳು ಬಂದವು. ಗೆಳೆಯರು ಸಂದೇಶ ಓದಿದ್ದು ಕಾಣಿಸಿತು, ಉತ್ತರ ಬರಲಿಲ್ಲ.

ಆ ತಿಂಗಳ ಕೊನೆಯಲ್ಲಿ ಕಮಿಟಿಯವರು ಹಾಲ್‌ಗೆ ಬೀಗ ಹಾಕಿದರು. ಮರುವರ್ಷದ ಪಂದ್ಯಾವಳಿ ಶಿವಮೊಗ್ಗದಲ್ಲೇ ನಡೆಯಿತು. ಭದ್ರಾವತಿಯಿಂದ ಯಾರೂ ಬರಲಿಲ್ಲ.