ಊದಿಕೊಂಡ ಫೋನಿನೊಳಗೆ ಒಂದು ಹಿಂದಲೆ

ಕತ್ತರಿಯಣ್ಣನಿಗೆ ಜನರ ಮುಖ ನೆನಪಿರುವುದಿಲ್ಲ. ಎದುರಿಗೆ ಬಂದು ನಕ್ಕವರನ್ನು, ವಿಳಾಸ ಕೇಳಲು ಬಂದ ಅಪರಿಚಿತರನ್ನು ನೋಡಿದಂತೆ ನೋಡುತ್ತಾರೆ. ಆ ಮನುಷ್ಯ ಮುಖ ಸಣ್ಣ ಮಾಡಿಕೊಂಡು ದಾಟಿ ಹತ್ತು ಹೆಜ್ಜೆ ಹೋದ ಮೇಲೆ, ‘ಓ, ನೀವಾ? ಗೊತ್ತೇ ಆಗ್ಲಿಲ್ಲ ನೋಡಿ’ ಎಂದು ಹಿಂದಿನಿಂದ ಕೂಗುತ್ತಾರೆ. ಮೂವತ್ತೊಂದು ವರ್ಷದಿಂದ ಕಟಿಂಗ್ ಶಾಪಿನ ಕುರ್ಚಿಯ ಹಿಂದೆಯೇ ನಿಂತವರಿಗೆ ಜಗತ್ತು ಪರಿಚಯವಾಗಿರುವುದೇ ಹಿಂದಲೆಯ ಕಡೆಯಿಂದ. ಇಷ್ಟು ವರ್ಷ ಜನರ ಬೆನ್ನ ಹಿಂದೆ ಕಳೆದೂ ಯಾರ ಬಗ್ಗೆಯೂ ಬೆನ್ನ ಹಿಂದೆ ಮಾತಾಡದವರು ನಮ್ಮ ರಸ್ತೆಯಲ್ಲಿ ಅವರೊಬ್ಬರೇ.

ಚಪ್ಪಲಿ ಅಂಗಡಿಗೂ ಪುಸ್ತಕದಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಕೋಣೆ ಅವರದು. ಕುರ್ಚಿ ಎರಡು, ಒಂದು ಮೇಲೇಳುವುದಿಲ್ಲ, ಇನ್ನೊಂದು ಕೆಳಗಿಳಿಯುವುದಿಲ್ಲ. ಹಾಗಾಗಿ ಎತ್ತರದವರು ಯಾವುದರಲ್ಲಿ, ಗಿಡ್ಡನೆಯವರು ಯಾವುದರಲ್ಲಿ ಕೂರಬೇಕೆಂಬುದು ಎಲ್ಲರಿಗೂ ಗೊತ್ತು. ಆರು ವರ್ಷದ ಹಿಂದೆ, ಗಿರಾಕಿಗಳಿಗೆ ಹಿಂದಲೆ ತೋರಿಸುವ ಕೈಗನ್ನಡಿ ಕೈಜಾರಿ ಬಿದ್ದು ಒಡೆಯಿತು. ಕುರ್ಚಿಯಲ್ಲಿದ್ದವರಿಗೆ ಏನಾದರೂ ತೋರಿಸಲೇಬೇಕಲ್ಲ? ಹೆಂಡತಿ ಹೊಸದಾಗಿ ಕೊಡಿಸಿದ್ದ ಫೋನಿನಲ್ಲಿ ಒಂದು ಫೋಟೋ ಹೊಡೆದು ತೋರಿಸಿದರು. ಗಿರಾಕಿ ಎರಡು ಬೆರಳಲ್ಲಿ ಅದನ್ನು ದೊಡ್ಡದು ಮಾಡಿ, ತನ್ನ ಕತ್ತನ್ನು ತಾನೇ ಮೊದಲ ಬಾರಿ ಕಂಡವರಂತೆ ಹಿಗ್ಗಿದರು. ಆಮೇಲೆ ಕೈಗನ್ನಡಿ ಕೊಳ್ಳುವ ಮಾತೇ ಬರಲಿಲ್ಲ.

ತೆಗೆದ ಫೋಟೋ ಒಂದನ್ನೂ ಅಳಿಸಲಿಲ್ಲ. ಗಿರಾಕಿ ಬಂದು ಕೂತರೆ ಸಾಕು. ಕತ್ತರಿಯಣ್ಣ ಹಿಂದಲೆ ನೋಡಿ, ಫೋನು ತೆರೆದು, ಹೋದ ಸಲದ್ದನ್ನು ಹುಡುಕಿ, ಅದರಂತೆಯೇ ಕತ್ತರಿಸುತ್ತಾರೆ. ಫೋನ್ ನಂಬರುಗಳಿಗೂ ಇದೇ ಲೆಕ್ಕ: ‘ಎರಡು ಸುಳಿ’, ‘ಬಲಕಿವಿ ಮಡಚಿದೆ’, ‘ಕತ್ತಿನ ಮೇಲೆ ಮಚ್ಚೆ ದೊಡ್ಡದು’. ಒಮ್ಮೆ ಹೆಂಡತಿ ಅನುಮಾನದಿಂದ ತನ್ನ ನಂಬರು ಹುಡುಕಿ ನೋಡಿದರೆ ‘ಮನೆ’ ಎಂದಿತ್ತು.

‘ಸದ್ಯ, ಜಡೆ ಅಂತ ಹಾಕಿಲ್ಲ’ ಎಂದರು ಆಕೆ.

‘ಹಾಕ್ತಿದ್ದೆ. ಮೂರು ಜಡೆ ಆಗ್ಬಿಟ್ಟವು, ಗೊಂದಲ ಆಗತ್ತೆ ಅಂತ ಬಿಟ್ಟೆ.’

ಈ ಸಂಗ್ರಹದ ರಾಜ ‘ಗೆರೆ’. ಅಂದರೆ ಬ್ಯಾಂಡ್ ಮಾಸ್ತರರು. ಅವರ ಕತ್ತಿನ ಮೇಲೆ ಕೂದಲು ನಿಲ್ಲುವ ಜಾಗ ಸ್ಕೇಲಿಟ್ಟು ಎಳೆದಷ್ಟು ನೇರ. ಹಾಡುವವರಿಗೆ ಮುಖ ಮುಖ್ಯ; ಬ್ಯಾಂಡ್ ಮಾಸ್ತರರು ಸಭೆಗೆ ಬೆನ್ನು ಮಾಡಿ ನಿಲ್ಲುವವರು, ಹಿಂದಲೆಯೇ ಅವರ ಮುಖ. ಇಪ್ಪತ್ತು ವರ್ಷದಿಂದ ಊರು ನೋಡಿದ್ದು ಅದನ್ನೇ. ಒಂದೂವರೆ ವರ್ಷದ ಹಿಂದೆ ಅವರಿಗೆ ದೊಡ್ಡ ಕಾಯಿಲೆ ಬಂತು. ಅದಕ್ಕೆ ಕೊಟ್ಟ ಔಷಧಿ ಕಾಯಿಲೆಯ ಜೊತೆ ಕೂದಲನ್ನೂ ಕರೆದುಕೊಂಡು ಹೋಯಿತು. ಕೊನೆಗೆ ಒಂದು ಶುಕ್ರವಾರ ಅವರ ಫೋನು ಬಂತು.

‘ಕೂದಲು ಬಂದಿದೆ ಕಣ್ರೀ. ಭಾನುವಾರ ಸಂಜೆ ಕಾರ್ಯಕ್ರಮ. ಬೆಳಿಗ್ಗೆ ಒಂಬತ್ತಕ್ಕೆ ಬರ್ತೀನಿ. ಹಳೇ ಹಾಗೇ ಮಾಡ್ಬೇಕು.’

‘ಮಾಡೋಣ, ಬನ್ನಿ.’

‘ಹಾಗೇ ಅಂದ್ರೆ ಹಾಗೇ. ನಾನು ಬೆನ್ನು ತಿರುಗಿಸಿದ ತಕ್ಷಣ ಸಭೇಲಿ ಯಾರೂ “ಪಾಪ” ಅನ್ನಬಾರದು. ಒಂದೂವರೆ ವರ್ಷ ಮುಂದಿನಿಂದ ಕೇಳಿ ಸಾಕಾಗಿದೆ. ಇನ್ನು ಹಿಂದಿನಿಂದ ಬೇಡ.’

‘ಯೋಚ್ನೆ ಬಿಡಿ ಮಾಸ್ತರ್ರೆ. ನಿಮ್ಮ ಹಿಂದಲೆ ನನ್ನ ಫೋನಲ್ಲಿ ಭದ್ರವಾಗಿದೆ’ ಎಂದರು ಕತ್ತರಿಯಣ್ಣ. ಭದ್ರ ಎಂಬ ಮಾತು ಮುಗಿಯುವಷ್ಟರಲ್ಲಿ ಫೋನು ಆರಿಹೋಯಿತು.

ಅದೇನೂ ಹೊಸದಲ್ಲ. ಕೆಲವು ತಿಂಗಳಿಂದ ಆ ಫೋನು ನಲವತ್ತು ಪರ್ಸೆಂಟ್ ಎಂದು ತೋರಿಸಿ ನಾಲ್ಕು ನಿಮಿಷಕ್ಕೆ ಕಣ್ಣು ಮುಚ್ಚುತ್ತಿತ್ತು. ಸದಾ ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿರಬೇಕು, ವೈರು ಮೊಳದುದ್ದ. ಆದ್ದರಿಂದ ಕಟಿಂಗ್ ಮುಗಿದವರು ಎದ್ದು ಪ್ಲಗ್ಗಿನ ಹತ್ತಿರ ಹೋಗಿ, ಟೀಚರ್ ಮೂಲೆಗೆ ನಿಲ್ಲಿಸಿದ ಮಕ್ಕಳ ಹಾಗೆ ಬೆನ್ನು ಮಾಡಿ ನಿಲ್ಲಬೇಕಾಗಿತ್ತು. ಈಚೆಗೆ ಬ್ಯಾಟರಿ ಊದಿಕೊಂಡು, ಫೋನಿನ ಬೆನ್ನು ಹಲ್ಲುನೋವಿನ ಕೆನ್ನೆಯಂತೆ ಎದ್ದಿತ್ತು. ಬ್ಯಾಂಡಿನವರು ಊದಿದರೆ ಸಂಗೀತ, ಬ್ಯಾಟರಿ ಊದಿದರೆ ಸಂಕಟ. ಕತ್ತರಿಯಣ್ಣ, ಎದ್ದು ನಿಂತ ಕೂದಲಿಗೆ ಮಾಡುವುದನ್ನೇ ಅದಕ್ಕೂ ಮಾಡಿದ್ದರು: ತಲೆಗೆ ಹಾಕುವ ಉದ್ದನೆಯ ಕ್ಲಿಪ್ಪು ಮೂರು ಹಾಕಿ ಒತ್ತಿ ಹಿಡಿಸಿದ್ದರು.

ಶನಿವಾರ ಬೆಳಿಗ್ಗೆ ವೈರು ಸಿಕ್ಕಿಸಿದರೂ ಫೋನು ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರು ಎರಡು ಅಂಗಡಿ ಆಚೆ, ಮೆಟ್ಟಿಲ ಕೆಳಗಿನ ಬೀರುವಿನಷ್ಟು ಜಾಗದಲ್ಲಿ ಮೊಬೈಲ್ ರಿಪೇರಿ ಮಾಡುವ ಹೆಂಗಸಿನ ಮುಂದೆ ನಿಂತಿದ್ದರು. ರಸ್ತೆಗೆಲ್ಲ ಆಕೆ ರಿಪೇರಿ ಅಕ್ಕ. ಕತ್ತರಿಯಣ್ಣನಿಗೆ ಮಾತ್ರ ತಂಗಿ.

‘ಏನಣ್ಣ ಇದು, ಫೋನಿಗೂ ಕ್ಲಿಪ್ ಹಾಕಿ ಕೂರಿಸಿದ್ದೀರಾ?’

‘ಎದ್ದು ಬರ್ತಿತ್ತು ತಂಗಿ. ಒತ್ತಿ ಹಿಡಿದ್ರೆ ಕೂರತ್ತೆ ಅಂತ.’

‘ಕೂರಲ್ಲ, ಹಾರತ್ತೆ. ಊದಿದ ಬ್ಯಾಟರೀನ ಒತ್ತಿದ್ರೆ ಬೆಂಕಿ ಹತ್ಕೊಳತ್ತೆ. ಇದನ್ನ ಜೇಬಲ್ಲಿಟ್ಕೊಂಡು ಓಡಾಡಿದ್ರಾ?’

‘ಎದೆ ಜೇಬಲ್ಲಿ.’

‘ಅತ್ತಿಗೆಗೆ ಗೊತ್ತಾ?’

‘ಇಲ್ಲ. ನೀನೂ ಹೇಳ್ಬೇಡ.’

ಮಲಗಿದ ಮಗುವಿನ ಕೈಯಿಂದ ಆಟಿಕೆ ಬಿಡಿಸುವಂತೆ ಆಕೆ ಒಂದೊಂದೇ ಕ್ಲಿಪ್ಪು ತೆಗೆದರು. ‘ಬ್ಯಾಟರಿ ಸತ್ತಿದೆ, ಬದಲಾಯಿಸ್ಬೇಕು. ಫೋಟೋಗಳು ಬ್ಯಾಟರೀಲಿ ಇರಲ್ಲ, ಬೋರ್ಡಲ್ಲಿರತ್ತೆ. ಆದ್ರೂ ಬಿಚ್ಚೋವಾಗ ಏನಾಗತ್ತೆ ಅಂತ ಹೇಳಕ್ಕಾಗಲ್ಲ. ಕಾಪಿ ಇಟ್ಟಿದ್ದೀರಾ?’

‘ನನ್ನ ಹತ್ರ ಇರೋದೇ ಕಾಪಿ. ಒರಿಜಿನಲ್ಲು ಅವರವರ ಹತ್ರಾನೇ ಇದೆಯಲ್ಲ.’

ಹೇಳಿದ ಮೇಲೆ ಅವರಿಗೇ ನೆನಪಾಯಿತು: ಮಾಸ್ತರರ ಹತ್ತಿರ ಒರಿಜಿನಲ್ ಇಲ್ಲ. ಅವರ ಹಳೆಯ ಹಿಂದಲೆ ಈಗ ಇರುವುದು ಇದೊಂದೇ ಕಡೆ.

‘ಇನ್ನೊಂದು ತೊಂದ್ರೆ’ ಎಂದರು ರಿಪೇರಿ ಅಕ್ಕ. ‘ಮುಚ್ಚಳದ ಅಂಟು ಬಿಡಿಸಕ್ಕೆ ಬಿಸಿ ಮಾಡೋ ಪ್ಲೇಟು ಬೆಳಿಗ್ಗೆ ಸುಟ್ಟುಹೋಯ್ತು. ಹೊಸದು ಮಂಗಳವಾರ ಬರತ್ತೆ.’

‘ಮಾಸ್ತರ್ ನಾಳೆ ಒಂಬತ್ತಕ್ಕೆ ಬರ್ತಾರೆ’ ಎಂದು ಕತ್ತರಿಯಣ್ಣ ಕಥೆಯನ್ನೆಲ್ಲ ಹೇಳಿದರು. ಮುಗಿಸಿ, ‘ಎಷ್ಟು ಬಿಸಿ ಬೇಕು?’ ಎಂದು ಕೇಳಿದರು.

‘ಅಂಟು ಮೆತ್ತಗಾಗೋಷ್ಟು. ಮುಕ್ಕಾಲು ಭಾಗ ಊತಾನೇ ಬಿಡಿಸಿಟ್ಟಿದೆ, ಅಂಚಲ್ಲಿ ಸ್ವಲ್ಪ ಉಳಿದಿದೆ. ಆದ್ರೆ ಒಂಚೂರು ಜಾಸ್ತಿ ಆದ್ರೂ ಬ್ಯಾಟರಿ ಸುಮ್ನಿರಲ್ಲ.’

‘ಕಿವಿ ಹಿಂದೆ ತಡ್ಕೊಳ್ಳೋಷ್ಟಾ?’

ಆಕೆ ಬಿಸಿಯನ್ನು ಹಾಗೆ ಅಳೆದವರಲ್ಲ. ಸ್ವಲ್ಪ ಯೋಚಿಸಿ, ‘ಹ್ಞೂಂ, ಹೆಚ್ಚುಕಡಿಮೆ ಅಷ್ಟೇ’ ಎಂದರು. ಕತ್ತರಿಯಣ್ಣ ಹೋಗಿ ಕೂದಲು ಒಣಗಿಸುವ ತಮ್ಮ ಡ್ರೈಯರ್ ಹಿಡಿದು ಬಂದರು.

ಮೇಜಿನ ಪಕ್ಕ ಮರಳಿನ ಡಬ್ಬಿ ಇಟ್ಟುಕೊಂಡು ಶಸ್ತ್ರಚಿಕಿತ್ಸೆ ಶುರುವಾಯಿತು. ಕತ್ತರಿಯಣ್ಣ ಬಿಸಿಗಾಳಿಯನ್ನು ಮೊದಲು ತಮ್ಮ ಕಿವಿಯ ಹಿಂದೆ ಬಿಟ್ಟುಕೊಂಡು, ಸರಿ ಎನಿಸಿದ ಮೇಲೆ ಫೋನಿನ ಅಂಚಿಗೆ ಹಿಡಿದರು. ಎಣಿಸಿ ಐದು ಕ್ಷಣ, ಮತ್ತೆ ಕಿವಿ, ಮತ್ತೆ ಫೋನು. ಆಕೆ ತೆಳುವಾದ ಪ್ಲಾಸ್ಟಿಕ್ ಕಾರ್ಡೊಂದನ್ನು ಸಂದಿಗೆ ತೂರಿಸಿ ಕೂದಲೆಳೆಯಷ್ಟೇ ಸರಿಸುತ್ತ ಹೋದರು. ಒಂದು ಮೂಲೆ ಹಠ ಹಿಡಿದಾಗ ಕತ್ತರಿಯಣ್ಣನ ಕೈ ತಾನಾಗಿಯೇ ಜೇಬಿಗೆ ಹೋಯಿತು.

‘ಬ್ಲೇಡ್ ಒಳಗಿಡಿ ಅಣ್ಣ. ಇಲ್ಲಿ ಕೊಯ್ದ್ರೆ ರಕ್ತ ಬರಲ್ಲ, ಹೊಗೆ ಬರತ್ತೆ.’

ಮುಚ್ಚಳ ಬಿಟ್ಟಿತು. ಆಕೆ ದೀಪ ಬಗ್ಗಿಸಿ ನೋಡಿ, ಚಿಮುಟದಲ್ಲಿ ಒಂದೊಂದೇ ಕೂದಲ ತುಣುಕು ಎತ್ತಿ ಬಿಳಿ ಕಾಗದದ ಮೇಲಿಟ್ಟರು. ‘ಒಳಗೆ ಎಷ್ಟು ಜನ ಇದ್ದಾರೆ ಅಣ್ಣ?’

ಕತ್ತರಿಯಣ್ಣ ಕನ್ನಡಕ ಹಾಕಿಕೊಂಡು ಬಗ್ಗಿದರು. ‘ಈ ದಪ್ಪನೇದು ಚಪ್ಪಲಿ ಅಂಗಡಿಯೋರದ್ದು. ಈ ಕರೀದು ಯಾರದ್ದು ಅಂತ ಗೊತ್ತು, ಹೇಳಲ್ಲ.’

‘ಯಾಕೆ?’

‘ಬಣ್ಣ ಹಾಕೋದೇ ಇಲ್ಲ ಅಂತಾರೆ ಅವರು.’

ಬ್ಯಾಟರಿಯ ಅಡಿಗೆ ನಾಲ್ಕು ಹನಿ ಸ್ಪಿರಿಟ್ ಬಿಟ್ಟು ಕಾದರು. ದಿಂಬಿನಂತಿದ್ದ ಅದು ಕೊನೆಗೆ ಮೆತ್ತಗೆ ಎದ್ದು ಬಂದು ಮರಳಿನೊಳಗೆ ಹೋಯಿತು. ಇಸ್ಪೀಟೆಲೆಗಳ ಸಣ್ಣ ಕಟ್ಟಿನಂತಿದ್ದ ಹೊಸದು ಅದರ ಜಾಗದಲ್ಲಿ ಕೂತಿತು. ಆಕೆ ಗುಂಡಿ ಒತ್ತಿ ಹಿಡಿದರು. ಪರದೆ ಕಪ್ಪಾಗಿಯೇ ಇತ್ತು. ಮತ್ತೆ ಒತ್ತಿದರು.

‘ಅಣ್ಣ, ಅದನ್ನ ಆರಿಸಿ. ಗೋಡೆ ಒದ್ದೆ ಆಗಿಲ್ಲ’ ಎಂದಾಗಲೇ, ಡ್ರೈಯರ್ ಇನ್ನೂ ಕೈಯಲ್ಲಿ ಗೋಡೆಯ ಕಡೆ ಊದುತ್ತಿರುವುದು ಕತ್ತರಿಯಣ್ಣನಿಗೆ ತಿಳಿದದ್ದು. ಅದು ನಿಂತ ನಿಶ್ಶಬ್ದದಲ್ಲಿ ಫೋನು ಒಮ್ಮೆ ನಡುಗಿ ಬೆಳಗಿತು.

ಕತ್ತರಿಯಣ್ಣ ಫೋಟೋಗಳನ್ನು ಸರಿಸಿದರು. ಒಂದರ ಹಿಂದೊಂದು ಹಿಂದಲೆಗಳು, ಊರಿಗೆ ಊರೇ ಬೆನ್ನು ತಿರುಗಿಸಿ ಎಲ್ಲಿಗೋ ಹೊರಟಂತೆ. ಎಷ್ಟೋ ಹೊತ್ತಿನ ಮೇಲೆ ‘ಗೆರೆ’ ಸಿಕ್ಕಿತು. ಕಪ್ಪು, ನೇರ, ಒಂದೆಳೆ ಆಚೀಚೆಯಿಲ್ಲ. ರಿಪೇರಿ ಅಕ್ಕ ಎಲ್ಲವನ್ನೂ ಇನ್ನೊಂದು ಕಡೆ ಕಾಪಿ ಮಾಡಿಕೊಟ್ಟ ಮೇಲೆಯೇ ಅವರನ್ನು ಕಳಿಸಿದ್ದು.

ಭಾನುವಾರ ಒಂಬತ್ತಕ್ಕೆ ಮಾಸ್ತರರು ಬಂದರು. ತೆಳ್ಳಗಾಗಿದ್ದರು, ನಡಿಗೆ ಮಾತ್ರ ತಾಳ ತಪ್ಪಿರಲಿಲ್ಲ. ಎತ್ತರದ ಕುರ್ಚಿಯಲ್ಲಿ ಕೂತು ಟೋಪಿ ತೆಗೆದರು. ಕೂದಲು ಬಂದಿದೆ ಎಂದಿದ್ದರೇ ಹೊರತು ಎಂಥ ಕೂದಲು ಎಂದು ಮಾಸ್ತರರು ಹೇಳಿರಲಿಲ್ಲ. ತಲೆಯ ತುಂಬ ಬೂದು ಬಣ್ಣದ ಗುಂಗುರು, ಕುರಿಮರಿಯ ಬೆನ್ನಿನಂತೆ.

‘ಡಾಕ್ಟರ್ ಹೇಳಿದ್ರು, ಕೆಲವರಿಗೆ ಹೀಗೂ ಬರತ್ತಂತೆ. ಯಾರದ್ದೋ ಆರ್ಡರ್ ನನ್ನ ವಿಳಾಸಕ್ಕೆ ಬಂದಿದೆ. ನೀವು ಸರಿಮಾಡಿ, ಫೋಟೋ ಇದೆಯಲ್ಲ.’

ಫೋಟೋ ಇತ್ತು. ಕತ್ತರಿಯಣ್ಣ ನೀರು ಚಿಮುಕಿಸಿ, ಒಂದು ಎಳೆ ಬಾಚಿ ನೇರ ಮಾಡಿದರು. ಬಾಚಣಿಗೆ ತೆಗೆದೊಡನೆ ಅದು ಸುರುಳಿ ಸುತ್ತಿಕೊಂಡಿತು. ಇನ್ನೊಮ್ಮೆ ಮಾಡಿದರು, ಮತ್ತೂ ಸುತ್ತಿಕೊಂಡಿತು. ಆ ನೇರ ಗೆರೆ ಬೇಕಾದರೆ ಮಷೀನು ಹಿಡಿದು ಬುಡಕ್ಕೇ ಇಳಿಸಬೇಕು. ಹಾಗೆ ಮಾಡಿದರೆ ಮಾಸ್ತರರು ಆಸ್ಪತ್ರೆಯಿಂದ ಈಗ ತಾನೇ ಎದ್ದು ಬಂದವರಂತೆ ಕಾಣುತ್ತಾರೆ. ಊರೆಲ್ಲ ‘ಪಾಪ’ ಎನ್ನುತ್ತದೆ.

‘ಮಾಸ್ತರ್ರೆ, ಹಳೇ ಹಾಗೆ ಆಗಲ್ಲ.’

ಮಾಸ್ತರರು ಕನ್ನಡಿಯಲ್ಲಿ ಕತ್ತರಿಯಣ್ಣನನ್ನೇ ನೋಡಿದರು. ಆಮೇಲೆ ಬಟ್ಟೆಯ ಕೆಳಗಿನಿಂದ ಕೈ ಹೊರಗೆ ಚಾಚಿದರು. ‘ಕೊಡಿ, ಫೋಟೋ ನೋಡೋಣ.’ ತುಂಬ ಹೊತ್ತು ನೋಡಿ, ‘ಕಿವಿ ನನ್ನವೇ. ಇವನ ಕತ್ತು ಯಾಕೆ ಇಷ್ಟು ಬಿಗಿಯಾಗಿದೆ, ಇಸ್ತ್ರಿ ಮಾಡಿದ ಹಾಗೆ?’ ಎಂದರು.

‘ಮಾಡಿದ್ದು ನಾನೇ.’

‘ಈಗೇನು ಮಾಡ್ತೀರಿ?’

‘ಗೊತ್ತಿಲ್ಲ. ಈ ಕೂದಲು ನಂಗೆ ಹೊಸ ಗಿರಾಕಿ. ಅದನ್ನೇ ಕೇಳ್ಕೊಂಡು ನಿಧಾನಕ್ಕೆ ಹೋಗ್ತೀನಿ.’

ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಒಂದೊಂದು ಸುರುಳಿಯನ್ನೂ ಬೆರಳಿಗೆ ಸುತ್ತಿ, ಅದು ಎತ್ತ ಹೋಗಲು ಬಯಸುತ್ತದೋ ನೋಡಿ ತುದಿಯಷ್ಟೇ ಕತ್ತರಿಸಿದರು. ಕಾಯುತ್ತಿದ್ದ ಇಬ್ಬರು ಪೇಪರು ಓದಿ ಮುಗಿಸಿ, ಅದಲುಬದಲು ಮಾಡಿಕೊಂಡು ಮತ್ತೆ ಓದಿದರು. ಕೊನೆಗೆ ಕತ್ತರಿಯಣ್ಣ ಕುರ್ಚಿಯ ಹಿಂದೆಯೇ ನಿಂತು ಫೋಟೋ ತೆಗೆದು ಕೊಟ್ಟರು. ಮಾಸ್ತರರು ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿದರು.

‘ಇವನು ನನಗಿಂತ ಒಳ್ಳೇ ಸಂಗೀತಗಾರನ ಹಾಗೆ ಕಾಣ್ತಾನೆ’ ಎಂದರು. ‘ಸಂಜೆ ನನಗೆ ಕಷ್ಟ ಇದೆ.’

ಸಂಜೆ ಕತ್ತರಿಯಣ್ಣ ಹೆಂಡತಿಯ ಜೊತೆ ನಾಲ್ಕನೆಯ ಸಾಲಿನಲ್ಲಿ ಕೂತಿದ್ದರು. ವಾದ್ಯದವರೆಲ್ಲ ಸಿದ್ಧರಾದ ಮೇಲೆ ಮಾಸ್ತರರು ಪಕ್ಕದ ಬಾಗಿಲಿನಿಂದ ಬಂದು, ಸಭೆಯತ್ತ ನೋಡದೆ ನೇರವಾಗಿ ಬೆನ್ನು ಮಾಡಿ ನಿಂತರು. ದೀಪ ಅವರ ಗುಂಗುರಿನ ಮೇಲೆ ಬಿತ್ತು. ಕತ್ತರಿಯಣ್ಣ ಹಿಂದಕ್ಕೆ ಕಿವಿಗೊಟ್ಟರು. ಹಿಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು ಪಿಸುಗುಟ್ಟುತ್ತಿದ್ದರು.

‘ಯಾರೇ ಇವರು, ಹೊಸಬರಾ?’

‘ಇರ್ಬೇಕು. ಸ್ಟೈಲಾಗಿದ್ದಾರಪ್ಪ.’

‘ಹಾಗಾದ್ರೆ ನಮ್ಮ ಹಳೇ ಮಾಸ್ತರು?’

‘ಕೆಲಸ ಬಿಡಿಸಿಬಿಟ್ರೋ ಏನೋ. ಪಾಪ.’

ಕತ್ತರಿಯಣ್ಣ ತಿರುಗಲು ಹೋದರು. ಹೆಂಡತಿ ಮಣಿಕಟ್ಟು ಹಿಡಿದು, ‘ಸುಮ್ನೆ ಕೂತ್ಕೊಳ್ಳಿ. ಅವರೇ ತಿರುಗ್ತಾರೆ’ ಎಂದರು.

ಮೊದಲ ಹಾಡು ಮುಗಿದು ಮಾಸ್ತರರು ತಿರುಗಿದಾಗಲೇ ಜನಕ್ಕೆ ಗುರುತು ಸಿಕ್ಕಿತು. ಆಮೇಲೆ ಬಿದ್ದ ಚಪ್ಪಾಳೆಗೆ ಬ್ಯಾಂಡಿನ ಡೋಲು ಯಾರೂ ಮುಟ್ಟದೆಯೇ ದನಿಗೂಡಿಸಿತು.

ಎಲ್ಲ ಮುಗಿದ ಮೇಲೆ ಹಿಂಬಾಗಿಲಲ್ಲಿ ಮಾಸ್ತರರು ಬೆವರು ಒರೆಸಿಕೊಳ್ಳುತ್ತ ಕಾದಿದ್ದರು. ‘ಯಾರಾದ್ರೂ ಅಂದ್ರಾ?’

ಕತ್ತರಿಯಣ್ಣನಿಗೆ ಸುಳ್ಳು ಬರುವುದಿಲ್ಲ. ‘ಅಂದ್ರು.’

ಮಾಸ್ತರರ ಕರವಸ್ತ್ರ ಅಲ್ಲಿಯೇ ನಿಂತಿತು.

‘ನಿಮಗಲ್ಲ. ನಿಮ್ಮಿಂದ ಕೆಲಸ ಕಳ್ಕೊಂಡ ಹಳೇ ಮಾಸ್ತರ್‌ಗೆ.’

ಮಾಸ್ತರರು ಬಾಗಿಲಿಗೆ ಒರಗಿ, ಕೆಮ್ಮು ಬರುವಷ್ಟು ನಕ್ಕರು. ‘ಸಿಕ್ಕಿದ್ರೆ ಹೇಳಿ ಅವನಿಗೆ’ ಎಂದರು, ‘ಮನೇಲಿ ಆರಾಮಾಗಿರಕ್ಕೆ. ಇಲ್ಲಿ ಕೆಲಸ ನಡೀತಿದೆ ಅಂತ.’