ಹಡಗಿನ ಬಾಗಿಲಲ್ಲಿ ಭಾವನವರು

ಪಾವಗಡದ ಹತ್ತಿರದ ಕ್ಯಾತಗಾನಚೆರ್ಲಿನ ಹೊಲವನ್ನು ಸೋಲಾರ್‌ನವರಿಗೆ ಗುತ್ತಿಗೆ ಕೊಟ್ಟ ಮೇಲೆ ನಮ್ಮ ಭಾವನವರ ಮೈಗೆ ಕೆಲಸವಿಲ್ಲ, ಬಾಯಿಗೆ ಬಿಡುವಿಲ್ಲ. ಆ ಬಾಯಿಯೇ ಹೋದ ವರ್ಷ ಅಕ್ಕನನ್ನೂ ನನ್ನನ್ನೂ ಕೊಚ್ಚಿಯಲ್ಲಿ ಹಡಗು ಹತ್ತಿಸಿ ಲಕ್ಷದ್ವೀಪಕ್ಕೆ ಹೊರಡಿಸಿತು. ಪಾವಗಡದಲ್ಲಿ ಯಾರೂ ಹಡಗು ಹತ್ತಿಲ್ಲವಂತೆ, ಇವರು ಹತ್ತಿ ತೋರಿಸಬೇಕಂತೆ. ಅಕ್ಕನಿಗೆ ಆ ಜಂಬವೆಲ್ಲ ಬೇಕಿರಲಿಲ್ಲ. ಸಮುದ್ರದಲ್ಲಿ ಒಂದು ಸಲ ಮೊಣಕಾಲುದ್ದ ನೀರಲ್ಲಿ ನಿಲ್ಲಬೇಕು ಎನ್ನುವುದು ಅವಳ ಎಷ್ಟೋ ವರ್ಷದ ಆಸೆ. ಮಂಡಿನೋವು ಏರುತ್ತಲೇ ಇತ್ತು. ಈ ಸಲ ಆಗದಿದ್ದರೆ ಇನ್ನಿಲ್ಲ ಎಂದು ನನ್ನ ಹತ್ತಿರ ಹೇಳಿದ್ದಳು.

ದ್ವೀಪದ ಹತ್ತಿರ ನೀರು ಆಳವಿಲ್ಲ. ದೊಡ್ಡ ಹಡಗು ದೂರದಲ್ಲೇ ನಿಲ್ಲುತ್ತದೆ, ದಡಕ್ಕೆ ಒಯ್ಯಲು ಸಣ್ಣ ದೋಣಿಗಳು ಬರುತ್ತವೆ. ಹಡಗಿನ ಪಕ್ಕದಲ್ಲಿ, ನೀರಿಗೆ ಸಮೀಪವಾಗಿ ಒಂದು ಬಾಗಿಲು. ಅದರ ಹೊರಗೆ ದೋಣಿ ಏಳುತ್ತದೆ, ಬೀಳುತ್ತದೆ. ಮೇಲೆದ್ದಾಗ ಇಬ್ಬರು ನಾವಿಕರು ತೋಳು ಹಿಡಿದು ದಾಟಿಸುತ್ತಾರೆ, ಅಷ್ಟೇ. ಮುದುಕಿಯರೂ ದಾಟುತ್ತಿದ್ದರು.

ಭಾವನವರು ಹುಬ್ಬು ಗಂಟಿಕ್ಕಿದರು. "ನಾಲ್ಕು ಜನರ ಮುಂದೆ ಯಾವನೋ ತೋಳಿಡಿದು ಎತ್ತಾಕೋದಾ? ಏನೂ ಬ್ಯಾಡ. ನೀನಿಲ್ಲೇ ಇರೇ, ನಾನೋಗಿ ನೋಡ್ಕೊಂಡು ಬತ್ತೀನಿ."

ಅಕ್ಕನ ಮುಖ ಬಾಡಿತು. ನನಗೆ ಮೈಯೆಲ್ಲ ಉರಿದುಹೋಯಿತು.

"ಬಳೆಗಾರ ಕೈ ಹಿಡಿಯಲ್ವಾ ಭಾವ? ಅವಾಗ ನೀವೇ ಪಕ್ಕದಲ್ಲಿ ಕೂತು ಚೌಕಾಸಿ ಮಾಡ್ತೀರಲ್ಲ!"

"ನೀನು ಸುಮ್ಕಿರಮ್ಮ, ನಿಂಗೇನು ಗೊತ್ತಾಯ್ತದೆ" ಎಂದವರೇ ಹೆಗಲ ಟವೆಲ್ಲನ್ನು ದೋಣಿಯ ಮುಂದಿನ ಸೀಟಿಗೆ ಎಸೆದರು. ಪಾವಗಡದ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಸೀಟು ಹಿಡಿದು ಪಳಗಿದ ಕೈ, ಸುಮ್ಮನಿದ್ದೀತೇ? ದೋಣಿಯವನು ಅದನ್ನು ಅವರ ಮೈಮೇಲೇ ವಾಪಸ್ ಎಸೆದ. ಬಾಗಿಲಲ್ಲಿದ್ದ ನಾವಿಕ ಕೈ ಚಾಚಿದ. "ನಂಗ್ಯಾಕಯ್ಯ ನಿನ್ ಕೈ? ಎಂಥೆಂಥಾ ಬಾವಿಗೆ ಹಾರಿದ್ದೀನಿ" ಎಂದು ಅದನ್ನು ತಳ್ಳಿ, ಕಾಲೆತ್ತಿದರು. ಅಷ್ಟರಲ್ಲಿ ದೋಣಿ ದಡಕ್ಕನೆ ಕೆಳಗಿಳಿಯಿತು.

"ಅಯ್ಯಯ್ಯೋ ಶಿವನೇ!"

ನಮ್ಮ ಶೂರರು ಬಾಗಿಲ ಕಂಬಿಯನ್ನು ತಬ್ಬಿಕೊಂಡರು. ದೋಣಿ ಮತ್ತೆ ಮೇಲೆ ಬಂತು, ಮತ್ತೆ ಇಳಿಯಿತು. ಇವರು ಕಂಬಿ ಬಿಡಲಿಲ್ಲ. ಹಿಂದಿನವರು ಗೊಣಗತೊಡಗಿದರು. "ಈ ದೋಣೀನೇ ಸರಿಯಿಲ್ಲ ಕಣಮ್ಮ" ಎಂದರು ಭಾವನವರು, ನನಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಥೂ! ಇಂಥವರ ಅಪ್ಪಣೆಗೆ ಅಕ್ಕ ಇಡೀ ಆಯುಷ್ಯ ಕಾದಿದ್ದಳಲ್ಲ ಎಂದು ನನಗೆ ಹೇಸಿಗೆಯಾಯಿತು.

ನಾವಿಕ ಅವರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಅಮ್ಮಾ" ಎಂದು ಅಕ್ಕನ ಕಡೆ ಕೈ ನೀಡಿದ. ಅಕ್ಕ ಗಂಡನ ಮುಖವನ್ನೊಮ್ಮೆ ನೋಡಿದಳು. ಸೆರಗು ಸಿಕ್ಕಿಸಿ, ಎರಡೂ ತೋಳು ಕೊಟ್ಟಳು. ದೋಣಿ ಎದ್ದಿತು, ಅವಳು ದಾಟಿದಳು. ಹಿಂದೆಯೇ ನಾನೂ ದಾಟಿದೆ.

ಹಗ್ಗ ಬಿಚ್ಚಿದರು. ಆಗ ಭಾವನವರಿಗೆ ಬಾಯಿ ಬಂತು. "ಲೇ! ನಾನಿಲ್ಲೇ ಇದ್ದೀನಿ ಕಣೇ! ಉಣ್ಣೋ ಹೊತ್ಗೆ ಬಂದ್ಬುಡು!"

ಮದುವೆಯಾದಂದಿನಿಂದ ಈ ಮನುಷ್ಯ ಉಂಡು ಏಳದೆ ಅಕ್ಕ ಒಂದು ತುತ್ತು ಬಾಯಿಗಿಟ್ಟವಳಲ್ಲ. ಜ್ವರ ಬಂದಾಗಲೂ ಕಾದವಳು. ನಾನು ಅವಳನ್ನೇ ನೋಡಿದೆ.

"ನೀವು ಉಂಡ್ಬುಡಿ, ನಂಗೆ ಕಾಯ್ಬ್ಯಾಡಿ" ಎಂದು ಕೂಗಿದಳು ಅಕ್ಕ. "ನಂಗೆ ನೀರಲ್ಲಿ ನಿಂತ್ಕೊಳ್ಳೋದೈತೆ."